ಸೀಟು ಹೇಗೆ ಹಂಚುತ್ತಾರೆ? ದಾವಣಗೆರೆಯಲ್ಲಿ ಮಗಳ ಅಡ್ಮಿಷನ್ ಮಾಡಿಸಿದ ನನ್ನ ಅನುಭವ

ದಾವಣಗೆರೆಯಲ್ಲಿ ಸಂಕ್ರಾಂತಿ ಮುಗಿಯೋ ಹೊತ್ತಿಗೆ ಎಳೆ ಮಕ್ಕಳಿರೋ ಮನೆಗಳಲ್ಲಿ ಒಂದೇ ಮಾತು. ಯಾವ ಶಾಲೆ, ಡೊನೇಷನ್ ಎಷ್ಟು, ಒಳಗೆ ಯಾರಾದರೂ ಪರಿಚಯ ಇದ್ದಾರಾ? ಹದಡಿ ರಸ್ತೆ ಕಡೆ ನಮ್ಮದೊಂದು ಝೆರಾಕ್ಸ್ ಅಂಗಡಿ ಇದೆ. ಆನ್‌ಲೈನ್ ಅರ್ಜಿ ತುಂಬಿಕೊಡುವುದೂ ಅಲ್ಲೇ. ಹಾಗಾಗಿ ಈ ಮಾತು ನನ್ನ ಕಿವಿಗೆ ದಿನಾ ಬೀಳುತ್ತದೆ. 2025ರಲ್ಲಿ ನನ್ನ ಮಗಳನ್ನೂ ಒಂದನೇ ತರಗತಿಗೆ ಸೇರಿಸಬೇಕಿತ್ತು, ತಂಗಿಯ ಮಗನಿಗೆ ಆರನೇ ತರಗತಿಗೆ ಸೀಟು ನೋಡಬೇಕಿತ್ತು. ಎರಡನ್ನೂ ನಾನೇ ಓಡಾಡಿ ಮಾಡಿಸಿದೆ. ಆಗ ತಿಳಿದದ್ದು ಇಷ್ಟು: ಪರಿಚಯದವರಿಗಿಂತ ಜಾಸ್ತಿ ಕೆಲಸಕ್ಕೆ ಬರುವುದು ಮಗುವಿನ ವಯಸ್ಸು, ಮನೆಯ ವಿಳಾಸ ಮತ್ತು ಕೈಯಲ್ಲಿರೋ ಸರ್ಟಿಫಿಕೇಟು. ಶಾಲೆ ಯಾವುದು ಅಂತ ನೋಡೋದಕ್ಕೂ ಮೊದಲು ಇವನ್ನು ನೋಡಿಕೊಳ್ಳಬೇಕು.

ವಯಸ್ಸಿನ ಮಾತು ಮೊದಲು. ಜೂನ್ 1ಕ್ಕೆ 6 ವರ್ಷ ತುಂಬಿದ ಮಗುವಿಗೆ ಮಾತ್ರ ಒಂದನೇ ತರಗತಿ ಎಂದು ಸರ್ಕಾರ 2022ರಲ್ಲೇ ಆದೇಶ ಮಾಡಿತ್ತು. 2025-26ರಿಂದ ಜಾರಿ ಎಂದೂ ಹೇಳಿತ್ತು. ನನ್ನ ಮಗಳು ಹುಟ್ಟಿದ್ದು 2019ರ ಅಕ್ಟೋಬರ್‌ನಲ್ಲಿ. ಯುಕೆಜಿ ಮುಗಿಸುತ್ತಿದ್ದಳು, ಆದರೆ ಜೂನ್ 1ಕ್ಕೆ ಇನ್ನೂ 6 ಆಗುತ್ತಿರಲಿಲ್ಲ. ನಮ್ಮ ಹಾಗೆ ಎಷ್ಟೋ ಮನೆಯವರು ಮಗು ಇನ್ನೊಂದು ವರ್ಷ ಯುಕೆಜಿಯಲ್ಲೇ ಕೂರಬೇಕಾ ಅಂತ ಚಿಂತೆ ಮಾಡುತ್ತಿದ್ದರು. ಏಪ್ರಿಲ್‌ನಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪ ಅವರು ಆ ಒಂದು ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳು ಸಾಕು ಅಂದರು. 2026-27ರಿಂದ 6 ವರ್ಷ ಕಡ್ಡಾಯ ಎಂದೂ ಆಗಲೇ ಹೇಳಿದರು. ನನ್ನ ಮಗಳಿಗೆ ದಾರಿ ಆಯಿತು. ಆದರೆ ಈಗ ಎಲ್‌ಕೆಜಿಗೆ ಸೇರಿಸುವವರು ಅಂಥ ರಿಯಾಯಿತಿ ನಂಬಿಕೊಂಡು ಕೂರಬಾರದು. ಎಲ್‌ಕೆಜಿಗೆ 4, ಯುಕೆಜಿಗೆ 5, ಒಂದನೇ ತರಗತಿಗೆ 6. ಮೂರು ವರ್ಷದ ಕೂಸನ್ನೇ ಎಲ್‌ಕೆಜಿಗೆ ಕೂರಿಸಿಕೊಳ್ಳಲು ಕೆಲವು ಶಾಲೆಯವರು ತಯಾರಿರುತ್ತಾರೆ. ಮುಂದೆ ಒಂದನೇ ತರಗತಿಗೆ ಬಂದಾಗ ಮಗುವೇ ಸಿಕ್ಕಿಹಾಕಿಕೊಳ್ಳುತ್ತದೆ.

ಬರ್ತ್ ಸರ್ಟಿಫಿಕೇಟ್ ಇಲ್ಲ ಅಂತ ಅಡ್ಮಿಷನ್ ನಿರಾಕರಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ 14ನೇ ಸೆಕ್ಷನ್ ಹೇಳುತ್ತದೆ. ಅದು ನಿಜ. ಆದರೂ ಮಾಡಿಸಿಟ್ಟುಕೊಳ್ಳಿ. 2023ರ ಅಕ್ಟೋಬರ್ 1ರಿಂದ ಈಚೆ ಹುಟ್ಟಿದ ಮಕ್ಕಳಿಗೆ ಹುಟ್ಟಿದ ದಿನಾಂಕಕ್ಕೆ ಅದೊಂದೇ ದಾಖಲೆ ಎಂದು ಕೇಂದ್ರದ ಕಾನೂನು ತಿದ್ದುಪಡಿಯಾಗಿದೆ. ಸರ್ಟಿಫಿಕೇಟಿನಲ್ಲಿ ಮಗುವಿನ ಹೆಸರು ಸೇರಿದೆಯಾ ಅಂತಲೂ ನೋಡಿ. ಆಸ್ಪತ್ರೆಯಿಂದ ಬಂದಾಗ ಹೆಸರಿನ ಜಾಗ ಖಾಲಿ ಇರುತ್ತದೆ, ನಾಮಕರಣ ಆದ ಮೇಲೆ ಸೇರಿಸಲು ಯಾರಿಗೂ ನೆನಪಿರುವುದಿಲ್ಲ. ನಮ್ಮ ಅಂಗಡಿಗೆ ಬರುವ ಸರ್ಟಿಫಿಕೇಟುಗಳಲ್ಲಿ ಇದನ್ನು ಮತ್ತೆ ಮತ್ತೆ ನೋಡುತ್ತೇನೆ.

ಇನ್ನು ಆರ್‌ಟಿಇ ಸೀಟು, ಅಂದರೆ ಅದೇ ಶಿಕ್ಷಣ ಹಕ್ಕು ಕಾಯ್ದೆಯಡಿ ಸಿಗುವ ಸೀಟು. ಇದರ ಬಗ್ಗೆ ಇರುವಷ್ಟು ಗೊಂದಲ ಬೇರೆ ಯಾವುದರ ಬಗ್ಗೆಯೂ ಇಲ್ಲ. 'ಅರ್ಜಿ ಹಾಕಿದರೆ ಕಾನ್ವೆಂಟಲ್ಲಿ ಫ್ರೀ ಸೀಟು' ಅಂತ ಈಗಲೂ ಜನ ಬರುತ್ತಾರೆ. ಕಾಯ್ದೆ ಬಂದದ್ದು 2009ರಲ್ಲಿ, ಜಾರಿಯಾದದ್ದು 2010ರ ಏಪ್ರಿಲ್ 1ರಿಂದ. ಖಾಸಗಿ ಶಾಲೆ ತನ್ನ ಮೊದಲ ತರಗತಿಯಲ್ಲಿ ಶೇ. 25 ಸೀಟನ್ನು ಬಡವರ ಮತ್ತು ಹಿಂದುಳಿದವರ ಮಕ್ಕಳಿಗೆ ಬಿಡಬೇಕು ಎಂದು ಅದರಲ್ಲಿದೆ. ನಮ್ಮ ರಾಜ್ಯದಲ್ಲಿ ಇದು ಶುರುವಾಗಿದ್ದು 2012-13ರಲ್ಲಿ. ಆಗ ನಮ್ಮ ಓಣಿಯಲ್ಲೇ ಹಮಾಲರ ಮಕ್ಕಳು, ಮನೆಗೆಲಸದವರ ಮಕ್ಕಳು ದೊಡ್ಡ ಶಾಲೆಗಳಿಗೆ ಹೋದರು. ಈಗ ಅವರೆಲ್ಲ ಕಾಲೇಜು ಮೆಟ್ಟಿಲು ಹತ್ತುತ್ತಿದ್ದಾರೆ. ಆಮೇಲೆ ರಾಜ್ಯ ಸರ್ಕಾರ ನಿಯಮ ಬದಲಿಸಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆಯನ್ನು ಈ ಪಟ್ಟಿಗೆ ಸೇರಿಸಬೇಕಿಲ್ಲ ಎಂದಾಯಿತು. 2019-20ರಿಂದ ಹೀಗೆಯೇ ನಡೆಯುತ್ತಿದೆ. 2019ರ ಮೇ ತಿಂಗಳಲ್ಲಿ ಹೈಕೋರ್ಟ್ ಕೂಡ ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಪಟ್ಟಣದಲ್ಲಿ ನೆರೆಹೊರೆ ಅಂದರೆ ವಾರ್ಡು. ನಮ್ಮ ಮಹಾನಗರ ಪಾಲಿಕೆಯಲ್ಲಿ 45 ವಾರ್ಡುಗಳಿವೆ. ನಿಮ್ಮ ಮನೆ ಯಾವ ವಾರ್ಡಿಗೆ ಸೇರುತ್ತದೆ, ಆ ವಾರ್ಡಿನಲ್ಲಿ ಸರ್ಕಾರಿ ಶಾಲೆ ಇದೆಯಾ ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ಪಕ್ಕದ ರಸ್ತೆ ದಾಟಿದರೆ ವಾರ್ಡೇ ಬೇರೆ ಆಗಿರಬಹುದು. ನಿಟುವಳ್ಳಿಯವರು, ಕೆ.ಟಿ.ಜೆ. ನಗರದವರು ಬಂದಾಗ ನಾನು ಮೊದಲು ಕೇಳೋದೇ ಮನೆ ಕಂದಾಯದ ರಸೀದಿ. ಅದರಲ್ಲಿ ವಾರ್ಡ್ ನಂಬರ್ ಇರುತ್ತದೆ. ನಮ್ಮ ವಾರ್ಡಿನಲ್ಲಿ ಸರ್ಕಾರಿ ಶಾಲೆ ಇದೆ. ಹಾಗಾಗಿ ಪಟ್ಟಿಯಲ್ಲಿ ನಮಗೆ ಖಾಸಗಿ ಶಾಲೆ ಸಿಗಲಿಲ್ಲ, ಒಂದು ಅನುದಾನಿತ ಶಾಲೆ ಮಾತ್ರ ಇತ್ತು. ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಕಾನ್ವೆಂಟ್ ಯಾಕೆ ಪಟ್ಟಿಯಲ್ಲಿಲ್ಲ ಅಂತ ಕೇಳುವವರಿಗೆ ಉತ್ತರ ಅದು.

ಸೀಟು ಹಂಚುವ ಲೆಕ್ಕ ಒಮ್ಮೆ ಕೂತು ಹಾಕಿ ನೋಡಿ. ಶೇ. 25ರಲ್ಲಿ ಪರಿಶಿಷ್ಟ ಜಾತಿಗೆ ಶೇ. 7.5, ಪರಿಶಿಷ್ಟ ಪಂಗಡಕ್ಕೆ ಶೇ. 1.5, ಉಳಿದ ಹಿಂದುಳಿದ ವರ್ಗ ಮತ್ತು ದುರ್ಬಲ ವರ್ಗಕ್ಕೆ ಶೇ. 16. ಒಂದನೇ ತರಗತಿಯಲ್ಲಿ 40 ಸೀಟು ಇದ್ದರೆ ಆರ್‌ಟಿಇಗೆ 10. ಅದರಲ್ಲಿ ಹತ್ತಿರಹತ್ತಿರ 3 ಎಸ್‌ಸಿ, 1 ಎಸ್‌ಟಿ, 6 ಉಳಿದವರಿಗೆ. ನಾವು ಹಿಂದುಳಿದ ವರ್ಗದ 2ಎ. ಆ ಆರು ಸೀಟಿಗೆ ನಮ್ಮ ಜೊತೆ ಇಡೀ ವಾರ್ಡಿನ ಕೆಟಗರಿ 1, 2ಎ, 2ಬಿ, 3ಎ, 3ಬಿಯವರು, ಜೊತೆಗೆ ಸಾಮಾನ್ಯ ವರ್ಗದ ಬಡವರು. ಅನಾಥ ಮಕ್ಕಳು, ವಿಶೇಷ ಅಗತ್ಯವುಳ್ಳ ಮಕ್ಕಳು, ಆತ್ಮಹತ್ಯೆ ಮಾಡಿಕೊಂಡ ರೈತರ ಮಕ್ಕಳು, ಇಂಥವರಿಗೆ ಮೊದಲ ಆದ್ಯತೆ. ಅದು ನ್ಯಾಯವೇ. ಅರ್ಜಿ ಜಾಸ್ತಿ ಬಂದರೆ ಇಲಾಖೆಯವರು ಕಂಪ್ಯೂಟರಿನಲ್ಲಿ ಲಾಟರಿ ಎತ್ತುತ್ತಾರೆ. ಅಲ್ಲಿ ಯಾರ ಶಿಫಾರಸೂ ನಡೆಯುವುದಿಲ್ಲ. 'ಅಕ್ಕಾ, ಅವರಿಗೆ ಐದು ಸಾವಿರ ಕೊಟ್ಟರೆ ಲಾಟರೀಲಿ ಹೆಸರು ಬರುತ್ತಂತೆ' ಎಂದು ಕೇಳಿದ ತಾಯಂದಿರಿಗೆಲ್ಲ ನಾನು ಹೇಳುವುದು ಒಂದೇ: ಕೊಡಬೇಡಿ. ದುಡ್ಡು ಇಸಕೊಂಡವನಿಗೆ ಕಳೆದುಕೊಳ್ಳುವುದು ಏನೂ ಇಲ್ಲ. ಹೆಸರು ಬಂದರೆ ನನ್ನಿಂದ ಅನ್ನುತ್ತಾನೆ, ಬರದಿದ್ದರೆ ಫೋನ್ ಎತ್ತುವುದಿಲ್ಲ.

ನಮ್ಮ ಅರ್ಜಿಗೆ ಮೊದಲ ಸುತ್ತಿನಲ್ಲಿ ಸೀಟು ಬರಲಿಲ್ಲ. ಎರಡನೇ ಸುತ್ತಿನಲ್ಲೂ ಬರಲಿಲ್ಲ. ಅರ್ಜಿ ಮಾತ್ರ ಎಲ್ಲೂ ತಿರಸ್ಕಾರ ಆಗಲಿಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ. ಎಷ್ಟೋ ಜನರದ್ದು ಲಾಟರಿವರೆಗೂ ಹೋಗುವುದೇ ಇಲ್ಲ. ಒಬ್ಬರು ಗಂಡ ಹೆಂಡತಿ ಬಂದಿದ್ದರು. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ, ಬಾಡಿಗೆ ಮನೆ. ಆದಾಯ ಕಡಿಮೆ, ವಯಸ್ಸು ಸರಿ, ಜಾತಿ ಪತ್ರ ಸರಿ. ಆದರೆ ಆಧಾರ್ ಕಾರ್ಡಿನಲ್ಲಿ ವಿಳಾಸ ಜಗಳೂರು ತಾಲ್ಲೂಕಿನ ಹಳ್ಳಿಯದು. ಈ ವಾರ್ಡಿನ ಸೀಟಿಗೆ ಆ ವಿಳಾಸ ಹೊಂದುವುದಿಲ್ಲ. ಆಧಾರ್ ತಿದ್ದಿಸಿಕೊಂಡು ಬರುವಷ್ಟರಲ್ಲಿ ಕೊನೆ ದಿನ ದಾಟಿತ್ತು. ಆ ತಾಯಿ ಕೌಂಟರ್ ಮೇಲೆ ಕಾಗದಗಳನ್ನು ಒಂದೊಂದಾಗಿ ಮಡಚಿ ಕವರಿಗೆ ಹಾಕಿಕೊಂಡಿದ್ದು ಈಗಲೂ ಕಣ್ಣ ಮುಂದಿದೆ. ಬಾಡಿಗೆ ಮನೆಯಲ್ಲಿರುವವರು ದಯವಿಟ್ಟು ದೀಪಾವಳಿ ಹೊತ್ತಿಗೇ ಆಧಾರ್ ವಿಳಾಸ ಸರಿ ಮಾಡಿಸಿಕೊಳ್ಳಿ. ಜಾತಿ ಮತ್ತು ಆದಾಯ ಪತ್ರವನ್ನೂ ಹಾಗೇ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ ಆರ್‌ಡಿ ನಂಬರ್ (ಆ ಪತ್ರದ ಗುರುತಿನ ಸಂಖ್ಯೆ) ಇರುವ ಪತ್ರ ಬರುತ್ತದೆ, ಆ ನಂಬರನ್ನೇ ಅರ್ಜಿಯಲ್ಲಿ ಹಾಕಬೇಕು. ಆದಾಯ ಪತ್ರ 5 ವರ್ಷ ನಡೆಯುತ್ತದೆ. ಹಳೆಯದು ಇದೆ ಅಂತ ಸುಮ್ನೆ ಇರಬೇಡಿ, ತಾರೀಖು ನೋಡಿ. ಆದಾಯ ಮಿತಿ ವರ್ಷಕ್ಕೆ 3.5 ಲಕ್ಷ ರೂಪಾಯಿ, ಎಸ್‌ಸಿ ಎಸ್‌ಟಿಯವರಿಗೆ ಮಿತಿ ಇಲ್ಲ. ಇನ್ನೊಂದು ಮಾತು, ಸೀಟು ಸಿಕ್ಕರೂ ಫೀಸ್ ಇಲ್ಲದಿರುವುದು 8ನೇ ತರಗತಿವರೆಗೆ ಮಾತ್ರ.

ಸರ್ಕಾರಿ ಶಾಲೆ ಇದ್ದ ಕಡೆ ಖಾಸಗಿ ಶಾಲೆಗಳನ್ನು ಪಟ್ಟಿಯಿಂದ ಬಿಟ್ಟ ಆ ನಿಯಮದ ಬದಲಾವಣೆ ಬಗ್ಗೆ ನನ್ನ ಮನಸ್ಸಿನಲ್ಲಿ ಎರಡೂ ಇದೆ. ಸರ್ಕಾರಿ ಶಾಲೆ ಖಾಲಿ ಬಿಟ್ಟು ಸರ್ಕಾರವೇ ಖಾಸಗಿಯವರಿಗೆ ಫೀಸ್ ಕಟ್ಟುವುದು ಎಷ್ಟು ಸರಿ ಅನ್ನುವ ವಾದ ಒಪ್ಪುವಂಥದ್ದೇ. ಆದರೆ ಬಾಗಿಲು ಮುಚ್ಚಿದ್ದು ಬಡವರಿಗೆ ಮಾತ್ರ ಅಲ್ವಾ? ದುಡ್ಡಿದ್ದವರು ಈಗಲೂ ಯಾವ ವಾರ್ಡಿನಿಂದ ಯಾವ ವಾರ್ಡಿಗಾದರೂ ಹೋಗಬಹುದು.

ಖಾಸಗಿ ಶಾಲೆಗಳನ್ನೂ ನೋಡಿ ಬಂದೆ. ಒಂದು ಕಡೆ ಅರ್ಜಿ ತೆಗೆದುಕೊಂಡ ಕೂಡಲೇ ಮಗಳಿಗೆ ಟೆಸ್ಟ್ ಇದೆ, ಶನಿವಾರ ಕರಕೊಂಡು ಬನ್ನಿ ಅಂದರು. ಐದು ವರ್ಷದ ಮಗುವಿಗೆ ಟೆಸ್ಟ್! ನಾನು ಮೆತ್ತಗೆ ಕೇಳಿದೆ, 'ಮೇಡಂ, ಆರ್‌ಟಿಇ ಕಾಯ್ದೆ 13ನೇ ಸೆಕ್ಷನ್ ಪ್ರಕಾರ ಟೆಸ್ಟ್ ಮಾಡುವ ಹಾಗಿಲ್ಲ ಅಲ್ವಾ?' ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಟೆಸ್ಟ್ ಅಂದರೆ ಟೆಸ್ಟ್ ಅಲ್ಲ, ಸುಮ್ನೆ ಮಾತಾಡಿಸುವುದು ಅಂದರು. ಆ ಸೆಕ್ಷನ್ ಎಲ್ಲ ಪೋಷಕರೂ ತಿಳಿದುಕೊಳ್ಳಬೇಕು. ಮಗುವನ್ನೋ ಅಪ್ಪ ಅಮ್ಮನನ್ನೋ ಪರೀಕ್ಷೆ ಮಾಡಿ ಆರಿಸಿದರೆ ಮೊದಲ ಸಲ 25,000 ರೂಪಾಯಿವರೆಗೆ, ಆಮೇಲೆ ಪ್ರತಿ ಸಲ 50,000 ರೂಪಾಯಿವರೆಗೆ ದಂಡ. ಡೊನೇಷನ್ ತೆಗೆದುಕೊಂಡರೆ ಅದರ ಹತ್ತು ಪಟ್ಟುವರೆಗೆ. ನಮ್ಮ ತಾಲ್ಲೂಕಿನಲ್ಲಿ ಉತ್ತರ ವಲಯ, ದಕ್ಷಿಣ ವಲಯ ಎಂದು ಎರಡು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗಳಿವೆ. ಶಾಲೆ ಯಾವ ವಲಯಕ್ಕೆ ಬರುತ್ತದೋ ಅಲ್ಲಿಗೇ ದೂರು ಬರೆದುಕೊಡಬೇಕು. ಬಾಯಿಮಾತಿನಲ್ಲಿ ಹೇಳಿ ಬರಬೇಡಿ, ಬರೆದುಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಶಾಲೆಗೆ ಯಾವ ತರಗತಿವರೆಗೆ ಮಾನ್ಯತೆ ಇದೆ, ಯಾವ ಪಠ್ಯಕ್ರಮ ಎಂದು ಕೇಳಲೂ ಸಂಕೋಚ ಬೇಡ. ಬೋರ್ಡಿನ ಮೇಲೆ ಸಿಬಿಎಸ್‌ಇ ಅಂತ ಇದ್ದರೆ ಸಂಯೋಜನೆ ಸಂಖ್ಯೆ (ಅಫಿಲಿಯೇಷನ್ ನಂಬರ್) ಕೇಳಿ.

ಕೊನೆಗೆ ನನ್ನ ಮಗಳನ್ನು ಸೇರಿಸಿದ್ದು ನಮ್ಮ ವಾರ್ಡಿನ ಸರ್ಕಾರಿ ಶಾಲೆಗೇ. 2019-20ರಿಂದ ರಾಜ್ಯದ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಕನ್ನಡದ ಜೊತೆಗೆ ಇಂಗ್ಲಿಷ್ ಮಾಧ್ಯಮದ ವಿಭಾಗವೂ ಶುರುವಾಗಿದೆ, ಇಲ್ಲೂ ಇದೆ. ಹೆಡ್ ಮೇಡಂ ನನ್ನನ್ನು ಒಂದನೇ ತರಗತಿಯೊಳಗೆ ಕರಕೊಂಡು ಹೋದರು. ಗೋಡೆಯ ಕೆಳಭಾಗಕ್ಕೆ, ಮಕ್ಕಳ ಕೈ ಎಟುಕುವಷ್ಟು ಎತ್ತರಕ್ಕೆ ಕಪ್ಪು ಬಣ್ಣ ಬಳಿದಿದ್ದರು. ಅದರ ಮೇಲೆ ಸೀಮೆಸುಣ್ಣದಲ್ಲಿ ಒಬ್ಬೊಬ್ಬರದೂ ಒಂದೊಂದು ಚೌಕ, ಚೌಕದಲ್ಲಿ ಅವರವರ ಹೆಸರು. ಸೊಟ್ಟಪಟ್ಟ ಅಕ್ಷರ, ಆದರೆ ಮಕ್ಕಳೇ ಬರೆದದ್ದು. ನನಗೆ ಅಷ್ಟು ಸಾಕಾಯಿತು. ಮನೆಯವರಿಗೆ ಸ್ವಲ್ಪ ಅಳುಕಿತ್ತು, ಒಂದು ದಿನ ಬಂದು ತರಗತಿ ನೋಡಿದ ಮೇಲೆ ಹೋಯಿತು.

ತಂಗಿಯ ಮಗನದು ಬೇರೆ ಲೆಕ್ಕ. ಒಂದನೇ ತರಗತಿ ಬಿಟ್ಟರೆ ಆರನೇ ತರಗತಿಯೇ ಎರಡನೇ ದೊಡ್ಡ ಬಾಗಿಲು. ಅದು ಮಾತ್ರ ಪರೀಕ್ಷೆಯಿಂದ ತೆರೆಯುವುದು. ನವೋದಯ, ಮೊರಾರ್ಜಿ, ಕಿತ್ತೂರು ರಾಣಿ ಚೆನ್ನಮ್ಮ ಎಂಬ ಸರ್ಕಾರಿ ವಸತಿ ಶಾಲೆಗಳು, ಆದರ್ಶ ವಿದ್ಯಾಲಯ, ಎಲ್ಲಾ ಆರನೇ ತರಗತಿಗೇ. ನಮ್ಮ ಜಿಲ್ಲೆಯ ನವೋದಯ ಇರುವುದು ಚನ್ನಗಿರಿ ತಾಲ್ಲೂಕಿನ ದೇವರಹಳ್ಳಿಯಲ್ಲಿ, ಚಿತ್ರದುರ್ಗದವರದು ಹಿರಿಯೂರು ತಾಲ್ಲೂಕಿನ ಉಡುವಳ್ಳಿಯಲ್ಲಿ. ಸೀಟು 80. ಅದರಲ್ಲಿ ಕನಿಷ್ಠ ಶೇ. 75 ಹಳ್ಳಿಯ ಮಕ್ಕಳಿಗೆ, ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ. ಒಂದು ಮಗು ಒಂದೇ ಸಲ ಪರೀಕ್ಷೆ ಬರೆಯಬಹುದು.

ತಂಗಿ ಇರುವುದು ಜಗಳೂರು ತಾಲ್ಲೂಕಿನಲ್ಲಿ. ಹುಡುಗ ಮೂರನೇ ತರಗತಿಯಲ್ಲಿದ್ದಾಗ, 'ಅಕ್ಕಾ, ನಾಲ್ಕನೇ ಕ್ಲಾಸಿಗೆ ದಾವಣಗೆರೇಲಿ ನಿಮ್ಮನೇಲಿ ಇಟ್ಕೋ, ಟ್ಯೂಷನ್ ಹಾಕಿದರೆ ನವೋದಯ ಆಗುತ್ತೆ' ಅಂದಳು. ನಾನು ಬೇಡ ಅಂದೆ. ಹಳ್ಳಿಯ ಕೋಟಾ ಸಿಗಬೇಕಾದರೆ 3, 4, 5ನೇ ತರಗತಿ ಮೂರನ್ನೂ ಹಳ್ಳಿ ಶಾಲೆಯಲ್ಲೇ ಪೂರ್ತಿ ಓದಿರಬೇಕು. ಮಧ್ಯೆ ಪಟ್ಟಣದ ಶಾಲೆಗೆ ಸೇರಿದರೆ ಮಗು ಪಟ್ಟಣದ ಲೆಕ್ಕಕ್ಕೆ ಹೋಗುತ್ತದೆ, ಉಳಿದ ಶೇ. 25ರಲ್ಲಿ ಪೈಪೋಟಿ. ಟ್ಯೂಷನ್ನಿಗೆ ಆಸೆಪಟ್ಟು ಕೋಟಾ ಬಿಟ್ಟುಕೊಟ್ಟವರು ಬಹಳ ಜನ ಇದ್ದಾರೆ. ಹುಡುಗ ಊರಲ್ಲೇ ಉಳಿದ, ಬೇಸಿಗೆ ರಜೆಗೆ ಮಾತ್ರ ನಮ್ಮಲ್ಲಿಗೆ ಬಂದ. ಪರೀಕ್ಷೆ ಕನ್ನಡದಲ್ಲೇ ಬರೆಯಬಹುದು. 80 ಪ್ರಶ್ನೆ, 100 ಅಂಕ, 2 ಗಂಟೆ. ಅರ್ಧ ಅಂಕ ಚಿತ್ರ ನೋಡಿ ಉತ್ತರಿಸುವ ಬುದ್ಧಿಶಕ್ತಿ ಪ್ರಶ್ನೆಗಳಿಗೇ. ಅದನ್ನು ಶಾಲೆಯಲ್ಲಿ ಹೇಳಿಕೊಡುವುದಿಲ್ಲ, ಮನೆಯಲ್ಲೇ ಕೂರಿಸಿ ಅಭ್ಯಾಸ ಮಾಡಿಸಬೇಕು.

ನವೋದಯ ಆಗಲಿಲ್ಲ, ಮೊರಾರ್ಜಿ ಆಯಿತು. ಅದಕ್ಕೆ ಪರೀಕ್ಷೆ ಬೇರೆ, ಅರ್ಜಿ ಬೇರೆ. ಅರ್ಜಿಗೆ ಮಗುವಿನ ಸ್ಯಾಟ್ಸ್ ನಂಬರ್ (ಇಲಾಖೆ ಪ್ರತಿ ವಿದ್ಯಾರ್ಥಿಗೂ ಕೊಡುವ ಸಂಖ್ಯೆ) ಬೇಕು, ಶಾಲೆಯ ಮೇಷ್ಟ್ರನ್ನು ಕೇಳಿದರೆ ಬರೆದುಕೊಡುತ್ತಾರೆ. ಅಂಕ, ಮೀಸಲಾತಿ ಮತ್ತು ನಾವು ಕೊಟ್ಟ ಶಾಲೆಗಳ ಆದ್ಯತೆ, ಈ ಮೂರನ್ನೂ ನೋಡಿ ಸೀಟು ಹಂಚುತ್ತಾರೆ. ಹತ್ತಿರದ್ದೊಂದೇ ಬರೆದು ಬಿಡುವವರಿದ್ದಾರೆ. ನಾನು ಕಳಿಸಲು ಒಪ್ಪುವ ಶಾಲೆಗಳನ್ನೆಲ್ಲ ಬರೆಸಿದೆ, ಅವನಿಗೆ ಸಿಕ್ಕಿದ್ದು ಪಟ್ಟಿಯ ಕೆಳಗಿದ್ದ ಶಾಲೆ. ಪಟ್ಟಿಯಲ್ಲಿ ಹೆಸರು ಬಂದ ಮೇಲೆ ಹೇಳಿದ ದಿನದೊಳಗೆ ಮೂಲ ದಾಖಲೆ ಹಿಡಿದು ಶಾಲೆಗೆ ಹೋಗಲೇಬೇಕು. ಇಲ್ಲದಿದ್ದರೆ ಆ ಸೀಟು ಮುಂದಿನ ಸುತ್ತಿಗೆ ಹೋಗುತ್ತದೆ. ಹಳೇ ಶಾಲೆಯ ಟಿಸಿ ತಡವಾದರೆ ಹೆದರಬೇಡಿ. ಟಿಸಿಯನ್ನು ಕೂಡಲೇ ಕೊಡಬೇಕು, ಅದು ತಡವಾಯಿತು ಎಂದು ಹೊಸ ಸರ್ಕಾರಿ ಶಾಲೆ ಮಗುವನ್ನು ವಾಪಸ್ ಕಳಿಸುವಂತಿಲ್ಲ ಎಂದು ಆರ್‌ಟಿಇ ಕಾಯ್ದೆಯ 5ನೇ ಸೆಕ್ಷನ್‌ನಲ್ಲಿದೆ. ಅದರ ಒಂದು ಪ್ರತಿಯನ್ನು ನಮ್ಮ ಅಂಗಡಿಯ ಗಾಜಿಗೆ ಅಂಟಿಸಿದ್ದೇನೆ. ಬೇಕಾದವರು ಫೋಟೊ ತೆಗೆದುಕೊಂಡು ಹೋಗುತ್ತಾರೆ.