ಮುಳುಗಿದ ಓಣಿಗೆ ಹುಣಸಿ ಬೀಜದ ನಕಾಶೆ

ಆಲಮಟ್ಟಿ ಅಣೆಕಟ್ಟಿನ ಹಿನ್ನೀರಲ್ಲಿ ಮುಳುಗಿದ ಹಳೆ ಬಾಗಲಕೋಟೆಯ ಓಣಿಗಳ ನೆನಪು ದಾಖಲಿಸಲು ಅಲ್ಲಿನ ನಾಲ್ವರು ಹಿರಿಯರನ್ನು ಒಟ್ಟಿಗೆ ಕೂಡಿಸ್ತೀನಿ ಅಂದಾಗ "ಗದ್ದಲ ಬಿಟ್ರ ಏನೂ ಸಿಗಂಗಿಲ್ಲ" ಅಂದವರೇ ಹೆಚ್ಚು. ಈಗ 11 ಓಣಿ ಮುಗಿದಿವೆ. ಒಬ್ಬೊಬ್ಬರನ್ನೇ ಕೇಳಿದಾಗ ಓಣಿಗೆ 10-15 ಮನೆ ಸಿಗುತ್ತಿದ್ದವು, ಈಗ 40ರ ಆಸುಪಾಸು.

ಮೊದಲ ಪೆಟ್ಟು ಫ್ಲೆಕ್ಸಿನದು. ಹಳೆ ಸರ್ವೆ ನಕಾಶೆ ದೊಡ್ಡದು ಮಾಡಿಸಿ ಎರಡು ಸಾವಿರದಷ್ಟು ಕಳೆದೆ. ಉತ್ತರ ಮೇಲಿಟ್ಟ ನಕಾಶೆ ಹಿರಿಯರಿಗೆ ಹತ್ತಲಿಲ್ಲ. ಅವರ ಊರು ಹೊಳೆಯಿಂದ ಶುರುವಾಗುತ್ತದೆ. ಈಗ 6 ಬೈ 9 ಫೂಟಿನ ಕರಿ ತಾಡಪತ್ರಿ. ಮೊದಲು ಘಟಪ್ರಭೆಯ ದಂಡೆ, ಅದೂ ಅವರ ಕೈಯಿಂದಲೇ, ಸೀಮೆಸುಣ್ಣದಲ್ಲಿ. ಆಮೇಲೆ ಗುಡಿ, ಬಾವಿ, ಗಿರಣಿ. ಮನೆಗೆ ಹುಣಸಿ ಬೀಜ, ಅಂಗಡಿಗೆ ಗೋವಿನಜೋಳ. ರಂಗೋಲಿ ಪುಡಿ ಗಾಳಿಗೆ ಹೋಯಿತು. ಪುಟಾಣಿ ಇಟ್ಟರೆ ತಿಂದುಬಿಟ್ಟರು.

ಮೊದಲ ಆರು ತಾಸಿನ ರೆಕಾರ್ಡಿಂಗ್ ಪೂರ್ತಿ ದಂಡ. "ಇಲ್ಲಿತ್ತು ನೋಡ್ರಿ, ಇದರ ಬಾಜೂಕ ಅದು" – ಕೇಳುವವರಿಗೆ ಯಾವ ಇಲ್ಲಿ? ಈಗ ಬೀಜ ಕೂರುವುದು ನಂಬರಿನ ಚೀಟಿಯ ಮೇಲೆ. ನಂಬರು ಜೋರಾಗಿ ಹೇಳಿದ ಮೇಲೆಯೇ ಮಾತು. ಓದು ಬಾರದವರಿಗೆ ನಾನೇ ಓದುತ್ತೇನೆ. ಹತ್ತು ನಿಮಿಷಕ್ಕೊಮ್ಮೆ ಸ್ಟೂಲ್ ಹತ್ತಿ ಫೋಟೋ, ಜೊತೆಗೆ ರೆಕಾರ್ಡರಿಗೆ ಗಂಟೆ-ನಿಮಿಷ ಹೇಳುವುದು. ಇಲ್ಲದಿದ್ದರೆ ಫೋಟೋಗೂ ದನಿಗೂ ಗಂಟು ಬೀಳುವುದಿಲ್ಲ.

ಎದುರುಬದುರು ಕೂತ ಇಬ್ಬರಿಗೆ ಕಾಲರ್ ಮೈಕು, ಫ್ಯಾನ್ ಬಂದ್. ರೆಕಾರ್ಡರ್ ತಾಡಪತ್ರಿ ಮೇಲಿಟ್ಟರೆ ಬೀಜ ಇಟ್ಟಾಗಲೆಲ್ಲ ಟಪಟಪ. ರೆಕಾರ್ಡರಿನ ಸೆಟ್ಟಿಂಗ್ 48 ಕಿಲೋಹರ್ಟ್ಸ್, 24 ಬಿಟ್, ಎರಡು ಚಾನಲ್: ತಾಸಿಗೆ ಫೈಲು ಹೆಚ್ಚುಕಡಿಮೆ 1 ಜಿಬಿ. ಐದನೆಯವರು ಬಂದು ಕೂತರೆ ಅಂದಿನ ಕೆಲಸ ಕೆಟ್ಟಿತು.

ಇಸವಿ ಕೇಳುವುದನ್ನು ಬಿಟ್ಟೆ. 1964ರಲ್ಲಿ ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದಕ್ಕೆ ಹಿಂದೋ ಮುಂದೋ, 1972ರ ಬರಕ್ಕೆ ಮೊದಲೋ ಅಂದರೆ ಸಾಕು, ಉತ್ತರ ತಾನೇ ಬರುತ್ತದೆ.

ಸಿಟಿ ಸರ್ವೆ ಉತಾರಕ್ಕೆ, ಅಂದರೆ ಮನೆ ಯಾರ ಹೆಸರಲ್ಲಿದೆ ಅನ್ನೋ ಸರ್ಕಾರಿ ದಾಖಲೆಗೆ, ಹೋಲಿಸಿದಾಗ ಹತ್ತರಲ್ಲಿ ಮೂರು ಮನೆ ತಾಳೆಯಾಗಲಿಲ್ಲ. ತಪ್ಪು ಅಂತ ತಿದ್ದುತ್ತ ಕೂತಿದ್ದೆ, ದಡ್ಡತನ. ಉತಾರದಲ್ಲಿ ಇರೋದು ಸತ್ತ ಮುತ್ಯಾನ ಹೆಸರು, ಇವರು ಹೇಳುವುದು ಬಾಡಿಗೆಗೆ ಇದ್ದವರನ್ನು. ಈಗ ಎರಡು ಕಾಲಂ: ಮಾಲಕ, ಇದ್ದವರು. ಕೂತ ಹಿರಿಯರಲ್ಲಿ ಇಬ್ಬರು ಒಂದೇ ಜಾಗಕ್ಕೆ ಜಗಳಾಡಿದರೆ ಬಿಡಿಸೋ ಹಂಚಿಕೆ ನನ್ನ ಹತ್ತಿರ ಇದೆ. ಅದನ್ನು ಸದ್ಯ ಹೇಳುವುದಿಲ್ಲ.

ಓಣಿಯೊಂದಕ್ಕೆ ಖರ್ಚು 900 ರೂಪಾಯಿ ಮೇಲೆ-ಕೆಳಗೆ, ಅರ್ಧ ಚಹಾ ಮತ್ತು ಆಟೋದ್ದೇ.

ಸುಮ್ಮನೆ ನೋಡೋಣವೆಂದು ಒಂದು ಓಣಿಯನ್ನು ಹೆಣ್ಣುಮಕ್ಕಳಿಂದ ಬೇರೆಯಾಗಿ ಕಟ್ಟಿಸಿದೆ. ಗಂಡಸರ ಬೀಜ ರಸ್ತೆಯ ಗುಂಟ ಸಾಲು ನಿಂತಿದ್ದವು. ಇವರದು ಬಾವಿ ಮತ್ತು ಹಿತ್ತಲಿನ ಸುತ್ತ. ಹಿತ್ತಲಿಂದ ಹಿತ್ತಲಿಗೆ ನೀರಿನ ಕೊಡ ಹೊತ್ತು ದಾಟುತ್ತಿದ್ದ ಮೂರು ಸಂದಿ ಸರ್ವೆ ನಕಾಶೆಯಲ್ಲಿ ಇಲ್ಲವೇ ಇಲ್ಲ. ಉಳಿದ ಹತ್ತು ಓಣಿಯನ್ನೂ ಮತ್ತೊಮ್ಮೆ ಹಾಸಬೇಕು.