ತಲೆಪೆಟ್ಟಿನ ಕೇಸಿನಲ್ಲಿ ಪರಿಣತ ಅಭಿಪ್ರಾಯ: ನಾನು ಬರೆಯುವ ಬಗೆ

ಕೋರ್ಟಿಗೆ ಅಭಿಪ್ರಾಯ ಕೊಡಬೇಕಾದ ಫೈಲು ಕೈಗೆ ಬಂದಾಗ ಡಿಸ್ಚಾರ್ಜ್ ಸಮ್ಮರಿಯನ್ನು ಕೊನೆಗಿಡುತ್ತೇನೆ. ರೋಗಿಯ ಗತಿ ಏನಾಯಿತೆಂದು ಮೊದಲೇ ಗೊತ್ತಾದರೆ ಪ್ರತಿ ಪುಟದಲ್ಲೂ ತಪ್ಪೇ ಕಾಣತೊಡಗುತ್ತದೆ. ಮೊದಲು ತೆರೆಯುವುದು ನರ್ಸಿಂಗ್ ಚಾರ್ಟು. ಡಾಕ್ಟರ ನೋಟ್ಸನ್ನು ಎಷ್ಟೋ ಸಲ ಆಪರೇಷನ್ ಮುಗಿದ ಮೇಲೆ ಕೂತು ಬರೆದಿರುತ್ತಾರೆ; ಗಂಟೆಗೊಮ್ಮೆ ಬಿಪಿ, ಕಣ್ಣಿನ ಪಾಪೆ, ಜಿಸಿಎಸ್ (ಪ್ರಜ್ಞೆಯ ಮಟ್ಟದ ಅಂಕ, ಪೂರ್ತಿ ಎಚ್ಚರವಿದ್ದರೆ 15) ಗುರುತು ಮಾಡಿದ ಹಾಳೆಯನ್ನು ತಿದ್ದುವುದು ಅಷ್ಟು ಸುಲಭವಲ್ಲ.

ಅದರಿಂದ ಗಂಟೆ ನಿಮಿಷದ ಪಟ್ಟಿ ಮಾಡುತ್ತೇನೆ. ಹೀಗೊಂದು ಕೇಸ್ ಅಂದುಕೊಳ್ಳಿ: ರಾತ್ರಿ 9.40ಕ್ಕೆ ದಾಖಲು, ಜಿಸಿಎಸ್ 15. 12.30ಕ್ಕೆ ಎರಡು ಸಲ ವಾಂತಿ, ಜಿಸಿಎಸ್ 13. 2.10ಕ್ಕೆ ಬಲಗಣ್ಣಿನ ಪಾಪೆ ಹಿಗ್ಗಿದೆ. ಸಿಟಿ ಸ್ಕ್ಯಾನ್ ಆದದ್ದು 3.15ಕ್ಕೆ. ಎಕ್ಸ್‌ಟ್ರಾಡ್ಯೂರಲ್ (ಬುರುಡೆಗೂ ಮಿದುಳಿನ ಹೊರಪೊರೆಗೂ ನಡುವಿನ) ರಕ್ತಸ್ರಾವದಲ್ಲಿ ರೋಗಿ ಕೆಲಹೊತ್ತು ಚೆನ್ನಾಗಿಯೇ ಮಾತಾಡಿಕೊಂಡಿರಬಹುದು. ಬುರುಡೆ ಮುರಿದ ಸುಳಿವಿಲ್ಲದಿದ್ದರೆ 9.40ಕ್ಕೆ ನಿಗಾದಲ್ಲಿಟ್ಟದ್ದನ್ನು ನಾನು ಆಕ್ಷೇಪಿಸುವುದಿಲ್ಲ. ಉತ್ತರ ಬೇಕಿರುವುದು 12.30ರಿಂದ 3.15ರವರೆಗಿನ ಹೊತ್ತಿಗೆ.

ಸಿಟಿಯ ಪ್ರಿಂಟು ಸಾಲದು, ಸಿಡಿಯೇ ಬೇಕು. ಹೆಪ್ಪುಗಟ್ಟಿದ ರಕ್ತದ ಗಡ್ಡೆಯ ಉದ್ದ 6 ಸೆಂ.ಮೀ., ಅಗಲ 5, ಎತ್ತರ 4 ಇದ್ದರೆ ಗುಣಿಸಿ ಎರಡರಿಂದ ಭಾಗಿಸಿದಾಗ ಸುಮಾರು 60 ಸಿಸಿ. ಎಕ್ಸ್‌ಟ್ರಾಡ್ಯೂರಲ್ ಗಡ್ಡೆ 30 ಸಿಸಿ ದಾಟಿದರೆ ಜಿಸಿಎಸ್ ಎಷ್ಟೇ ಇರಲಿ ತೆಗೆಯಬೇಕೆಂಬುದು ಒಪ್ಪಿತ ಮಾರ್ಗಸೂಚಿ. ಒಂದು ಎಚ್ಚರಿಕೆ: ಸಿಟಿ ಯಂತ್ರದ ಗಡಿಯಾರಕ್ಕೂ ವಾರ್ಡಿನ ಗಡಿಯಾರಕ್ಕೂ ವ್ಯತ್ಯಾಸ ಇರಬಹುದು. ರೇಡಿಯಾಲಜಿ ರಿಜಿಸ್ಟರಿನ ಜೊತೆ ತಾಳೆ ನೋಡದೆ ಬರೆದ ಅಭಿಪ್ರಾಯ ಪಾಟೀಸವಾಲಿನಲ್ಲಿ ಬಿದ್ದುಹೋಗುತ್ತದೆ.

ಅಭಿಪ್ರಾಯಗಳು ಹೆಚ್ಚಾಗಿ ಸೋಲುವುದು ಇನ್ನೊಂದು ಕಡೆ. ‘ತಡವಾಯಿತು’ ಎನ್ನುವುದು ಒಂದು ಮಾತು, ‘ತಡವಾದ್ದರಿಂದಲೇ ಎಡಗೈ ಎಡಗಾಲು ಸ್ವಾಧೀನ ತಪ್ಪಿತು’ ಎನ್ನುವುದು ಬೇರೆಯೇ ಮಾತು. ಎರಡಕ್ಕೂ ಬೇರೆ ಬೇರೆ ಪುರಾವೆ ಬೇಕು. ಪೆಟ್ಟು ಬಿದ್ದ ಕ್ಷಣದಿಂದಲೇ ಪ್ರಜ್ಞೆಯಿಲ್ಲದ ರೋಗಿಯಲ್ಲಿ ನರತಂತುಗಳೇ ಹರಿದಿರಬಹುದು, ಆಪರೇಷನ್ ಬೇಗ ಆಗಿದ್ದರೂ ಫಲ ಅಷ್ಟೇ ಆಗಿರಬಹುದು. ಮೇಲಿನ ಕೇಸ್ ಹಾಗಲ್ಲ: ಬಂದಾಗ 15 ಇತ್ತು, ಕೈಕಾಲು ಆಡುತ್ತಿತ್ತು.

ಡಾಕ್ಟರ ಮೇಲೆ ಕ್ರಿಮಿನಲ್ ಕೇಸಾದರೆ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 2005ರ ತೀರ್ಪು ಮುಂದಿರುತ್ತದೆ. ತೀರ್ಮಾನ ತಪ್ಪಿದರೆ ಸಾಲದು, ನಿರ್ಲಕ್ಷ್ಯ ಘೋರವಾಗಿರಬೇಕು. ‘ಘೋರ’ ಎಂಬ ಪದವನ್ನು ನಾನು ಬರೆಯುವುದಿಲ್ಲ, ಅದು ನ್ಯಾಯಾಧೀಶರ ಕೆಲಸ.

ಮೋಟಾರು ಅಪಘಾತ ಪರಿಹಾರದ ಕೇಸಿನಲ್ಲಿ ತಕರಾರೆಲ್ಲ ಅಂಗವೈಕಲ್ಯದ ಶೇಕಡಾದ ಮೇಲೆ. ಆರು ತಿಂಗಳು ತುಂಬುವ ಮುಂಚೆ ಅಂಕಿ ಕೊಡುವುದಿಲ್ಲ. ಮಿದುಳು ಅಷ್ಟರಲ್ಲಿ ಸಾಕಷ್ಟು ಚೇತರಿಸಿಕೊಳ್ಳುತ್ತದೆ. ಕೈಗೆ ಶೇ. 40 ಎಂದರೆ ಇಡೀ ದೇಹಕ್ಕೆ ಶೇ. 40 ಅಲ್ಲ, ಅದನ್ನು ಬಿಡಿಸಿ ಬರೆಯದಿದ್ದರೆ ವಿಮೆಯ ವಕೀಲರು ಅಲ್ಲೇ ಹಿಡಿಯುತ್ತಾರೆ. ದುಡಿಮೆಯ ನಷ್ಟ ಮೂರನೆಯ ಲೆಕ್ಕ. ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಅದನ್ನು ಹಾಕಬೇಕಾದ್ದು ನ್ಯಾಯಮಂಡಳಿ. ನಾನು ಬರೆಯುವುದು ಇಷ್ಟೇ: ಗುಂಡಿ ಹಾಕಲು ಬರುತ್ತದೆಯೇ, ಏಣಿ ಹತ್ತಬಹುದೇ, ಫಿಟ್ಸ್ ಇದೆಯೇ. ಫಿಟ್ಸ್ ಇರುವ ಲಾರಿ ಡ್ರೈವರನ ಕೈಕಾಲು ನೆಟ್ಟಗಿದ್ದರೂ ಸ್ಟೇರಿಂಗ್ ಮುಟ್ಟುವಂತಿಲ್ಲ.

ಕಟಕಟೆಯಲ್ಲಿ ಬಂದೇ ಬರುವ ಪ್ರಶ್ನೆ: ‘ಇನ್ನೊಬ್ಬ ಸಮರ್ಥ ಸರ್ಜನ್ ಬೇರೆ ದಾರಿ ಹಿಡಿಯಬಹುದಿತ್ತಲ್ಲವೇ?’ ಹೌದಾದರೆ ಹೌದೆನ್ನಬೇಕು, ಆ ದಾರಿ ವರದಿಯಲ್ಲಿ ಮೊದಲೇ ಇರಬೇಕು.