ನನ್ನ ಪಿಕ್ಕಿಂಗ್ ತಪ್ಪು ಹಿಡಿದುಕೊಟ್ಟ ಜಂಟಿ ವರಸೆ

ಎಲೆಕ್ಟ್ರಿಕ್ ಗಿಟಾರ್ ಹಿಡಿದು ಹನ್ನೊಂದು ವರ್ಷ ಆದ ಮೇಲೆ ನನಗೆ ಗೊತ್ತಾಯಿತು, ನನ್ನ ಅಪ್‌ಸ್ಟ್ರೋಕ್, ಅಂದರೆ ಕೆಳಗಿಂದ ಮೇಲಕ್ಕೆ ಬರುವ ಪೆಟ್ಟು, ಸರಿಯಿಲ್ಲ ಅಂತ. ಹೇಳಿದ್ದು ಗಿಟಾರ್ ಮೇಷ್ಟ್ರಲ್ಲ, ಹನುಮಂತನಗರದ ನನ್ನ ದೊಡ್ಡಮ್ಮ. ಅವರು ಮನೆಯಲ್ಲೇ ಮಕ್ಕಳಿಗೆ ವೀಣೆ ಹೇಳಿಕೊಡುತ್ತಾರೆ. 2023ರ ಜನವರಿ, ಒಂದು ಭಾನುವಾರ. ಅವರ ಮನೆಯ ಹಾಲ್‌ನಲ್ಲಿ ಕೂತು, ಸದ್ದು ಹೆಚ್ಚಿಸುವ ಆಂಪ್ ಇಲ್ಲದೆ, ಸುಮ್ನೆ ಒಂದು ಸ್ಕೇಲ್ (ಸ್ವರಗಳ ಏರಿಳಿತ) ಓಡಿಸುತ್ತಿದ್ದೆ. ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ದೊಡ್ಡಮ್ಮ ಅಲ್ಲಿಂದಲೇ, "ಒಂದು ಪೆಟ್ಟು ಬೀಳತ್ತೆ, ಇನ್ನೊಂದು ಬೀಳೋದೇ ಇಲ್ವಲ್ಲೋ" ಅಂದರು.

ಪಿಕ್ ಅಂದರೆ ತಂತಿ ಮೀಟುವ ಪುಟ್ಟ ಬಿಲ್ಲೆ. ಆಲ್ಟರ್ನೇಟ್ ಪಿಕ್ಕಿಂಗ್ ಅಂದರೆ ಪಿಕ್ ಕೆಳಗೆ, ಮೇಲೆ, ಕೆಳಗೆ, ಮೇಲೆ. ತಂತಿ ಬದಲಾದರೂ ಈ ಕ್ರಮ ಬದಲಾಗಬಾರದು. ಹೇಳೋಕೆ ಅಷ್ಟೇ. ನನ್ನ ಕಥೆ ಶುರುವಾಗಿದ್ದು 2011ರ ಅಕ್ಟೋಬರ್ 30ರಂದು ಅರಮನೆ ಮೈದಾನದಲ್ಲಿ. ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾ ಬಂದಿತ್ತು, ಕಾಲಡಿ ಪೂರ್ತಿ ಕೆಸರು, ಅವರ ಗಿಟಾರ್ ವಾದಕ ಜೇಮ್ಸ್ ಹೆಟ್‌ಫೀಲ್ಡ್ ಬಲಗೈ ಬರೀ ಕೆಳಗೇ ಹೊಡೆಯುತ್ತಿತ್ತು. ಆ ಸದ್ದು ಎದೆಗೆ ಬಡಿಯಿತು. ಎರಡು ತಿಂಗಳಲ್ಲಿ ಗಿಟಾರ್ ತಗೊಂಡೆ, ಆಮೇಲೆ ವರ್ಷಗಟ್ಟಲೆ ರಿಫ್‌ಗಳನ್ನೆಲ್ಲ (ಹಾಡಿನಲ್ಲಿ ಮತ್ತೆ ಮತ್ತೆ ಬರುವ ಪುಟ್ಟ ಸಾಲುಗಳು) ಡೌನ್‌ಸ್ಟ್ರೋಕ್‌ನಲ್ಲೇ ನುಡಿಸಿದೆ. ರಿಫ್‌ಗೆ ಅದು ಒಳ್ಳೆಯದೇ, ಆ ಗಟ್ಟಿತನ ಬೇರೆ ರೀತಿಯಲ್ಲಿ ಬರುವುದಿಲ್ಲ. ಆದರೆ ಸೋಲೊ ನುಡಿಸಲು ಹೋದಾಗ ಮೇಲಕ್ಕೆ ಬರುವ ಪಿಕ್‌ಗೆ ಶಕ್ತಿಯೇ ಇರಲಿಲ್ಲ. ಸದ್ದನ್ನು ಒರಟಾಗಿಸುವ ಡಿಸ್ಟಾರ್ಷನ್ ಹಾಕಿಕೊಂಡೇ ನುಡಿಸುತ್ತಿದ್ದರಿಂದ ಅದು ಕಿವಿಗೆ ಬಿದ್ದಿರಲೂ ಇಲ್ಲ. ಡಿಸ್ಟಾರ್ಷನ್ ದೊಡ್ಡ ಪೆಟ್ಟು ಸಣ್ಣ ಪೆಟ್ಟು ಎರಡನ್ನೂ ಒಂದೇ ಮಟ್ಟಕ್ಕೆ ಒತ್ತಿಬಿಡುತ್ತದೆ, ಅಲ್ವಾ. ಪ್ಲಗ್ ಹಾಕದ ಗಿಟಾರಿನಲ್ಲಿ ಮುಚ್ಚಿಡಲು ಏನೂ ಇಲ್ಲ.

ಮನೆಗೆ ಬಂದು ಫೋನಿನಲ್ಲಿ ರೆಕಾರ್ಡ್ ಮಾಡಿದೆ. ರೆಕಾರ್ಡಿಂಗ್ ಆ್ಯಪ್‌ನಲ್ಲಿ ಅಲೆಗಳು ಕಾಣುತ್ತವಲ್ಲ, ಅದರಲ್ಲಿ ಒಂದು ಎತ್ತರ, ಒಂದು ಗಿಡ್ಡ, ಒಂದು ಎತ್ತರ, ಒಂದು ಗಿಡ್ಡ. ದೊಡ್ಡಮ್ಮ ಹೇಳಿದ್ದು ಕಣ್ಣೆದುರೇ ಇತ್ತು.

ಮುಂದಿನ ವಾರ ಅವರನ್ನೇ ಕೇಳಿದೆ. ವೀಣೆಯಲ್ಲಿ ತೋರುಬೆರಳು, ನಡುಬೆರಳು ಒಂದಾದ ಮೇಲೊಂದು ಮೀಟುತ್ತವೆ. ಯಾವ ಬೆರಳು ಮೀಟಿದ್ದು ಅಂತ ಕೇಳುವವರಿಗೆ ಗೊತ್ತಾಗಬಾರದು. ಹೊಸ ಮಕ್ಕಳಿಗೆ ಇದನ್ನು ಕೂರಿಸುವುದು ಸರಳೆ ವರಸೆ (ಸರಿಗಮ ಒಂದೊಂದಾಗಿ), ಜಂಟಿ ವರಸೆ (ಪ್ರತಿ ಸ್ವರ ಎರಡೆರಡು ಸಲ) ಇವುಗಳಲ್ಲೇ. ಪುರಂದರದಾಸರು ಹಾಕಿಕೊಟ್ಟ ಪಾಠ ಅಂತ ಎಲ್ಲರೂ ಹೇಳುವ ಅದೇ ಮಾಯಾಮಾಳವಗೌಳ ರಾಗದ ಪಾಠ. "ನೀನೂ ಅದನ್ನೇ ನುಡಿಸು, ಮೂರು ಕಾಲದಲ್ಲೂ" ಅಂದರು. ಇಂಗ್ಲೆಂಡಿನ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ವೀಣೆ ಕಲಿತಿದ್ದು, ಕೊನ್ನಕೋಲ್ (ತಾಳದ ಅಕ್ಷರಗಳನ್ನು ಬಾಯಲ್ಲಿ ಹೇಳುವ ಕಲೆ) ಕಲಿತಿದ್ದು ನನಗೆ ಮೊದಲೇ ಗೊತ್ತಿತ್ತು. ಅವರ ಪಿಕ್ಕಿಂಗ್ ಎಷ್ಟು ಸ್ಪಷ್ಟ ಅಂತಲೂ ಗೊತ್ತಿತ್ತು. ಆದರೂ ಅದನ್ನು ನನ್ನ ಅಭ್ಯಾಸಕ್ಕೆ ತರಬೇಕು ಅಂತ ಯಾವತ್ತೂ ಹೊಳೆದಿರಲಿಲ್ಲ.

ನಾನು ಷಡ್ಜವನ್ನು, ಅಂದರೆ ಸ, ಆರನೇ ತಂತಿಯ ಐದನೇ ಫ್ರೆಟ್‌ನಲ್ಲಿ (ಗಿಟಾರ್ ಕತ್ತಿನ ಮೇಲಿನ ಅಡ್ಡಪಟ್ಟಿ) ಇಟ್ಟುಕೊಂಡೆ. ಆ ದಪ್ಪ ತಂತಿಯಲ್ಲಿ 5, 6, 9 ಫ್ರೆಟ್‌ಗಳು ಸ, ರಿ, ಗ. ಐದನೇ ತಂತಿಯಲ್ಲಿ 5, 7, 8 ಅಂದರೆ ಮ, ಪ, ದ. ನಾಲ್ಕನೇ ತಂತಿಯಲ್ಲಿ 6, 7 ಅಂದರೆ ನಿ ಮತ್ತು ಮೇಲಿನ ಸ. ಆರರಿಂದ ಒಂಬತ್ತಕ್ಕೆ ಬೆರಳು ಚಾಚುವುದು ಮೊದಲ ವಾರ ಕಷ್ಟ, ಆಮೇಲೆ ಅಭ್ಯಾಸವಾಗುತ್ತದೆ. ತಾಳಕ್ಕೆ ಟಕ್ ಟಕ್ ಅನ್ನುವ ಮೆಟ್ರೊನೋಮ್ 60ಕ್ಕೆ, ಅಂದರೆ ನಿಮಿಷಕ್ಕೆ ಅರವತ್ತು ಪೆಟ್ಟು. ಒಂದನೇ ಕಾಲದಲ್ಲಿ ಅದರ ಪೆಟ್ಟಿಗೊಂದು ಸ್ವರ, ಎರಡರಲ್ಲಿ ಎರಡು, ಮೂರರಲ್ಲಿ ನಾಲ್ಕು. ಮೂರು ಕಾಲ ಮುಗಿಯುವವರೆಗೆ ಮೆಟ್ರೊನೋಮ್ ಮುಟ್ಟುವ ಹಾಗಿಲ್ಲ, ಕೈ ಮಾತ್ರ ಇಮ್ಮಡಿಯಾಗಬೇಕು. ಬೆಳಿಗ್ಗೆ ಆರಕ್ಕೆ ಇಪ್ಪತ್ತು ನಿಮಿಷ, ಪ್ಲಗ್ ಹಾಕದೆ, ಕೆಳಗಿನ ಮನೆಯವರಿಗೂ ತೊಂದರೆ ಇಲ್ಲದ ಹಾಗೆ. ರಾತ್ರಿ ಆಫೀಸ್ ಮುಗಿದ ಮೇಲೆ ಹೆಡ್‌ಫೋನ್‌ನಲ್ಲಿ ಹತ್ತು ನಿಮಿಷ, ಆಗ ಡಿಸ್ಟಾರ್ಷನ್ ಹಾಕಿ. ಯಾಕೆಂದರೆ ಬೇಡದ ತಂತಿಗಳ ಗಲಾಟೆ ಕೇಳುವುದು ಡಿಸ್ಟಾರ್ಷನ್‌ನಲ್ಲೇ, ಅಂಗೈಯಿಂದ ಅವನ್ನು ತಡೆಯುವುದೂ ಅಭ್ಯಾಸವಾಗಬೇಕು.

ಮೂರು ವಾರ ಕಳೆಯುವಷ್ಟರಲ್ಲಿ ಒಂದು ವಿಚಿತ್ರ ಕಂಡಿತು. ಜಂಟಿ ವರಸೆ, ಅಂದರೆ ಸಸ ರಿರಿ ಗಗ ಮಮ, 100ರ ವೇಗದಲ್ಲಿ ಮೂರನೇ ಕಾಲಕ್ಕೆ ಆರಾಮಾಗಿ ಬರುತ್ತಿತ್ತು. ಸರಳೆ ವರಸೆ ಮಾತ್ರ 80 ದಾಟಿದರೆ ಮುಗ್ಗರಿಸುತ್ತಿತ್ತು. ಸ್ವರ ಅವೇ, ಬೆರಳು ಅವೇ, ತಂತಿ ಅವೇ. ಕೂತು ಕಾಗದದ ಮೇಲೆ ಕೆಳಗೆ, ಮೇಲೆ ಅಂತ ಬಾಣ ಹಾಕಿ ನೋಡಿದಾಗ ಗುಟ್ಟು ಗೊತ್ತಾಯಿತು. ಜಂಟಿಯಲ್ಲಿ ಪ್ರತಿ ಸ್ವರಕ್ಕೂ ಎರಡು ಪೆಟ್ಟು, ಆದ್ದರಿಂದ ಒಂದು ತಂತಿಯಲ್ಲಿ ಆರು ಪೆಟ್ಟು, ತಂತಿ ಬದಲಾಗುವುದು ಯಾವಾಗಲೂ ಅಪ್‌ಸ್ಟ್ರೋಕ್ ಆದ ಮೇಲೆ. ಸರಳೆಯಲ್ಲಿ ತಂತಿಗೆ ಮೂರೇ ಪೆಟ್ಟು. ಆರನೇ ತಂತಿಯ ಗಾಂಧಾರ (ಗ) ಡೌನ್‌ಸ್ಟ್ರೋಕ್‌ನಲ್ಲಿ ಮುಗಿಯುತ್ತದೆ. ಆಗ ಪಿಕ್ ಆರನೇ ಮತ್ತು ಐದನೇ ತಂತಿಗಳ ನಡುವೆ ಸಿಕ್ಕಿಬೀಳುತ್ತದೆ. ಮಧ್ಯಮವನ್ನು (ಮ) ಅಪ್‌ಸ್ಟ್ರೋಕ್‌ನಲ್ಲಿ ಹೊಡೆಯಬೇಕಾದರೆ ಐದನೇ ತಂತಿಯನ್ನು ಹಾರಿ ಆಚೆ ಹೋಗಿ ವಾಪಸ್ ಬರಬೇಕು. ನಾನು ಮುಗ್ಗರಿಸುತ್ತಿದ್ದದ್ದು ಸರಿಯಾಗಿ ಅಲ್ಲೇ, 'ಗ'ದಿಂದ 'ಮ'ಕ್ಕೆ ಹೋಗುವಾಗ. 'ದ'ದಿಂದ 'ನಿ'ಗೆ ಹೋಗುವಾಗ ತೊಂದರೆ ಇರಲಿಲ್ಲ, ಅಲ್ಲಿ ಬದಲಾವಣೆ ಅಪ್‌ಸ್ಟ್ರೋಕ್ ಆದ ಮೇಲೆ.

ಅಂದರೆ ನನ್ನ ಕೈಗೆ ವೇಗ ಇತ್ತು. ಇಡೀ ಬಲಗೈ ನಿಧಾನ ಅಂದುಕೊಂಡು ವರ್ಷಗಟ್ಟಲೆ ತಪ್ಪು ಜಾಗದಲ್ಲಿ ಕೆಲಸ ಮಾಡಿದ್ದೆ. ಅಮೆರಿಕದ ಟ್ರಾಯ್ ಗ್ರೇಡಿ ಗಿಟಾರಿನ ಮೇಲೆ ಕ್ಯಾಮೆರಾ ಕೂರಿಸಿ ದೊಡ್ಡ ದೊಡ್ಡ ವಾದಕರ ಬಲಗೈಯನ್ನು ಸ್ಲೋ ಮೋಷನ್‌ನಲ್ಲಿ ಚಿತ್ರಿಸಿ ವಿವರಿಸಿರುವುದು ಇದನ್ನೇ. ಪಿಕ್ ಯಾವ ಕಡೆ ಓರೆಯಾಗಿದೆ ಎಂಬುದರ ಮೇಲೆ ಯಾವ ಪೆಟ್ಟಿನ ಕೊನೆಗೆ ಅದು ತಂತಿಗಳಿಂದ ಹೊರಗೆ ಬರುತ್ತದೆ ಅನ್ನುವುದು ನಿಂತಿದೆ. ಸ್ವೀಡನ್ನಿನ ಗಿಟಾರ್ ವಾದಕ ಇಂಗ್ವೀ ಮಾಲ್ಮ್‌ಸ್ಟೀನ್ ತಮ್ಮ ಸಾಲುಗಳನ್ನು ಜಾಸ್ತಿ ಅಪ್‌ಸ್ಟ್ರೋಕ್ ನಂತರವೇ ತಂತಿ ಬದಲಾಗುವ ಹಾಗೆ ಜೋಡಿಸಿಕೊಳ್ಳುತ್ತಾರೆ. ನಾನೂ ಫೋನಿನ ಸ್ಲೋ ಮೋಷನ್‌ನಲ್ಲಿ ಕೈ ಚಿತ್ರಿಸಿಕೊಂಡೆ. ಪಿಕ್ಕಿನ ಓರೆ ಒಂದೇ ಕಡೆ ಬಿಗಿಯಾಗಿತ್ತು. ಗಾಂಧಾರಕ್ಕೆ ಬರುವಾಗ ಮಣಿಕಟ್ಟನ್ನು ಒಂದು ಚೂರು ತಿರುಗಿಸಿದರೆ ಡೌನ್‌ಸ್ಟ್ರೋಕ್ ಕೂಡ ಹೊರಗೆ ಬರುತ್ತದೆ. ಈ ಒಂದು ಚೂರಿಗೆ ನನಗೆ ಎರಡೂವರೆ ತಿಂಗಳು ಹಿಡಿಯಿತು. ದಿನಾ ಗ, ಮ ಎರಡೇ ಸ್ವರ, ಕೆಳಗೆ, ಮೇಲೆ, ಐದು ನಿಮಿಷ.

ಇಲ್ಲಿ ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಎಲ್ಲರೂ ಹೇಳುವುದಕ್ಕಿಂತ ಬೇರೆ. ನಿಧಾನವಾಗಿ ಶುರು ಮಾಡಿ ಮೆಟ್ರೊನೋಮ್ ದಿನಕ್ಕೆ ಎರಡೆರಡು ಏರಿಸುತ್ತಾ ಹೋಗು ಅಂತಾರೆ. ನಾನು ಹಾಗೆ ಮಾಡಿ 96ರಲ್ಲಿ ಆರು ವಾರ ನಿಂತಿದ್ದೆ. ನಿಧಾನವಾಗಿ ನುಡಿಸುವಾಗ ಕೈ ಹೇಗೆ ಬೇಕಾದರೂ ಚಲಿಸಬಹುದು, ವೇಗದಲ್ಲಿ ಅದೇ ಚಲನೆ ನಡೆಯುವುದಿಲ್ಲ. ಹಾಗಾಗಿ ಮೊದಲು ವೇಗದ ಚಲನೆ ಹೇಗಿರುತ್ತದೆ ಅಂತ ಹುಡುಕಿದೆ. ಮೆಟ್ರೊನೋಮ್ 140ಕ್ಕೆ ಇಟ್ಟು, ಒಂದು ಪೆಟ್ಟಿನಲ್ಲಿ ನಾಲ್ಕು ಸ್ವರ ಬೀಸಿ, ಮುಂದಿನ ಪೆಟ್ಟಿನಲ್ಲಿ ಒಂದೇ ಸ್ವರದ ಮೇಲೆ ಬಂದು ನಿಲ್ಲುವುದು. ಐದೇ ಸ್ವರ, ಆಮೇಲೆ ಕೈ ಸಡಿಲ ಬಿಡುವುದು. ಅದು ಹಗುರವಾಗಿ ಬಂದ ದಿನ, ಅದೇ ಚಲನೆಯನ್ನು 70ಕ್ಕೆ ಇಳಿಸಿ ನುಡಿಸಿದೆ. ಮೊದಲು ಮೊಣಕೈ ಬಿಗಿಮಾಡಿ ವೇಗ ತರುತ್ತಿದ್ದೆ. ಮಾರ್ಚ್‌ನಲ್ಲಿ ಮುಂಗೈ ನೋಯಲು ಶುರುವಾಗಿ ಒಂದು ವಾರ ಗಿಟಾರ್ ಮುಟ್ಟಲಿಲ್ಲ. ನೋವು ಬಂದರೆ ದಯವಿಟ್ಟು ನಿಲ್ಲಿಸಿ, ನೋವಿನ ಮೇಲೆ ನುಡಿಸಿ ಯಾರೂ ಮುಂದೆ ಹೋಗಿಲ್ಲ.

ಅಪ್‌ಸ್ಟ್ರೋಕ್‌ಗೆ ಶಕ್ತಿ ತಂದಿದ್ದು ಮಾತ್ರ ಕೊನ್ನಕೋಲ್. ತಕಧಿಮಿ ನಾಲ್ಕು ಅಕ್ಷರ, 'ತ' ಯಾವಾಗಲೂ ಡೌನ್‌ಸ್ಟ್ರೋಕ್‌ಗೇ ಬೀಳುತ್ತದೆ. ತಕಿಟ ಅಂದುಕೊಂಡು ನುಡಿಸಿ ನೋಡಿ. ಮೊದಲ 'ತ' ಕೆಳಗೆ, ಎರಡನೇ ತಕಿಟದ 'ತ' ಮೇಲೆ. ಒತ್ತು ಕೊಡಬೇಕಾದ ಪೆಟ್ಟು ಒಮ್ಮೆ ಡೌನ್, ಒಮ್ಮೆ ಅಪ್. ತಕತಕಿಟ ಐದಕ್ಷರದಲ್ಲೂ ಹಾಗೇ. ಬನಶಂಕರಿಯಿಂದ ಯಶವಂತಪುರದವರೆಗೆ ಮೆಟ್ರೊದಲ್ಲಿ ಬಾಯೊಳಗೇ ತಕಿಟ ಹೇಳುತ್ತಾ, ತೊಡೆಯ ಮೇಲೆ ಬೆರಳಿನಿಂದ ತಟ್ಟುತ್ತಾ ಹೋಗುತ್ತಿದ್ದೆ. ಬೆಳಿಗ್ಗೆ ಗಿಟಾರಿನಲ್ಲಿ ಅದೇ. ಎರಡು ತಿಂಗಳಾದ ಮೇಲೆ ಮತ್ತೆ ರೆಕಾರ್ಡ್ ಮಾಡಿದಾಗ ಎತ್ತರ, ಗಿಡ್ಡ ಅನ್ನುವುದು ಹೋಗಿ ಸಾಲು ಸಮವಾಗಿತ್ತು. ಆ ದಿನದ ಖುಷಿಯೇ ಬೇರೆ.

ಪಿಕ್ ಬಗ್ಗೆ ಜಾಸ್ತಿ ಹೇಳಲ್ಲ. ತೆಳ್ಳಗಿನದು ಬಾಗುತ್ತದೆ, ಬಾಗಿದ್ದು ವಾಪಸ್ ಬರುವಷ್ಟರಲ್ಲಿ ಸ್ವರ ತಡವಾಗುತ್ತದೆ. ನಾನು 1.38 ಮಿಲಿಮೀಟರ್ ದಪ್ಪದ ಡನ್‌ಲಪ್ ಜಾಝ್ ತ್ರೀಗೆ ಬದಲಾಯಿಸಿದೆ, ಅದರ ಚೂಪು ತುದಿ ಮಾತ್ರ ತಂತಿಗೆ ತಾಗುವ ಹಾಗೆ ಹಿಡಿಯುತ್ತೇನೆ. ಪಿಕ್ ತಂತಿಗೆ ಪೂರ್ತಿ ಚಪ್ಪಟೆಯಾಗಿ ತಾಗದೆ ಸ್ವಲ್ಪ ಅಂಚಿನಿಂದ ಜಾರಿದರೆ ಸಲೀಸು.

ಆಗಸ್ಟ್‌ನಲ್ಲಿ ಗಿಟಾರ್ ಮತ್ತು ಪುಟ್ಟ ಆಂಪ್ ಎತ್ತಿಕೊಂಡು ಹನುಮಂತನಗರಕ್ಕೆ ಹೋದೆ. ಡಿಸ್ಟಾರ್ಷನ್ ಇಲ್ಲದ ಕ್ಲೀನ್ ಸೌಂಡ್‌ನಲ್ಲಿ ಸರಳೆ ವರಸೆ ನುಡಿಸಿದೆ, 120ರಲ್ಲಿ ಮೂರನೇ ಕಾಲ, ಅಂದರೆ ಸೆಕೆಂಡಿಗೆ ಎಂಟು ಸ್ವರ. ದೊಡ್ಡಮ್ಮ ತೊಡೆಯ ಮೇಲೆ ಆದಿತಾಳ ಹಾಕುತ್ತಾ ಕೇಳಿದರು. ಮುಗಿದ ಮೇಲೆ, "ಇನ್ನೊಂದು ಸಲ ಒಂದನೇ ಕಾಲ ನುಡಿಸು" ಅಂದರು. ನುಡಿಸಿದೆ. "ಹ್ಞೂಂ, ಬಿದ್ದಿದೆ ಕಣೋ ಎರಡೂ. ದಾಟು ವರಸೆ ತಗೋ" ಅಂದರು.

ದಾಟು ವರಸೆ ಶುರು ಮಾಡಿದ್ದೇನೆ. ಸ್ವರ ಬಿಟ್ಟು ಬಿಟ್ಟು ಹಾರುವುದರಿಂದ ಮತ್ತೆ ಮತ್ತೆ ತಂತಿ ಬದಲಾಗುತ್ತದೆ, ಒಮ್ಮೆ ಪಿಕ್ ನಡುವೆ ಸಿಕ್ಕಿಕೊಂಡು, ಒಮ್ಮೆ ಹೊರಗೆ. ಮೆಟ್ರೊನೋಮ್ ಮತ್ತೆ 60ಕ್ಕೆ ಬಂದಿದೆ, ಸದ್ಯ ಎರಡನೇ ಕಾಲದವರೆಗೆ ಮಾತ್ರ.